ಗ್ಯಾಸಿನ ಚಟ ಬಿಡಿಸಲು ಇಂಡಕ್ಷನ್ ಒಲೆ: ಕೊಳ್ಳಬಹುದೇ?

ಇಂಡಕ್ಷನ್ ಒಲೆ ತಂದ ಎಷ್ಟೋ ಮನೆಗಳಲ್ಲಿ ಅದು ಕೆಲವೇ ತಿಂಗಳಲ್ಲಿ ಅಟ್ಟ ಸೇರುತ್ತದೆ. ಒಲೆ ಚೆನ್ನಾಗಿಯೇ ಇರುತ್ತದೆ, ಗ್ಯಾಸಿನ ಚಟ ಮಾತ್ರ ಹೋಗಿರುವುದಿಲ್ಲ. ಸುಖ ತಕ್ಷಣ ಸಿಕ್ಕಿ ನಷ್ಟ ಆಮೇಲೆ ಬಂದರೆ ಯಾವ ಚಟವಾದರೂ ಅಂಟಿಕೊಳ್ಳುತ್ತದೆ. ನಾಬ್ ತಿರುಗಿಸಿದ ಕೂಡಲೇ ನೀಲಿ ಉರಿ ಬರುತ್ತದೆ, ಅದು ಉಗುಳುವ ಇಂಗಾಲದ ಲೆಕ್ಕ ಹವಾಮಾನದಲ್ಲಿ ತೀರುವುದು ಎಷ್ಟೋ ವರ್ಷಗಳ ಮೇಲೆ.

2,000 ವಾಟ್‌ನ ಒಲೆಗೆ 16 ಆಂಪಿಯರ್ ಸಾಕೆಟ್ಟೇ ಬೇಕು. 6 ಆಂಪಿಯರ್ ಪಾಯಿಂಟಿಗೆ ಅಡಾಪ್ಟರ್ ಸಿಕ್ಕಿಸಿ ಓಡಿಸಿದರೆ ಪ್ಲಗ್ಗು ಕಾದು ಕರಗಬಹುದು. ಪಾತ್ರೆಯ ತಳಕ್ಕೆ ಅಯಸ್ಕಾಂತ ಗಟ್ಟಿಯಾಗಿ ಅಂಟಬೇಕು. ಬರೀ ಅಲ್ಯೂಮಿನಿಯಂ, ತಾಮ್ರದ ಪಾತ್ರೆ ನಡೆಯದು. ಅನ್ನ, ಬೇಳೆ, ಬಿಸಿನೀರಿಗೆ ಗ್ಯಾಸಿಗಿಂತ ಚುರುಕು. ತಕರಾರು ಬರುವುದು ಹಾಲು ಕಾಯಿಸುವಾಗ. ಅಗ್ಗದ ಒಲೆಗಳಿಗೆ ನಿಜವಾದ ಸಣ್ಣ ಉರಿ ಗೊತ್ತಿಲ್ಲ, ಕೆಲವು ಸೆಕೆಂಡ್ ಜೋರಾಗಿ ಕಾಯಿಸಿ, ಕೆಲವು ಸೆಕೆಂಡ್ ಪೂರ್ತಿ ನಿಲ್ಲಿಸಿ ಸರಾಸರಿ ಹೊಂದಿಸುತ್ತವೆ. ತೆಳು ಪಾತ್ರೆಯಲ್ಲಿ ಹಾಲು ತಳ ಹಿಡಿಯುತ್ತದೆ, ದಪ್ಪ ತಳದ ಸ್ಟೀಲ್ ಪಾತ್ರೆ ಇಟ್ಟರೆ ಬಹುಮಟ್ಟಿಗೆ ಸರಿಹೋಗುತ್ತದೆ. ಅಡುಗೆ ಮುಗಿದರೂ ಒಳಗಿನ ಫ್ಯಾನ್ ನಿಲ್ಲುವ ತನಕ ಗೋಡೆಯ ಸ್ವಿಚ್ ಆರಿಸಬೇಡಿ. ಬದನೆಕಾಯಿ ಸುಡುವುದು, ಫುಲ್ಕ ಉಬ್ಬಿಸುವುದು ಇದರಲ್ಲಿ ಆಗುವುದಿಲ್ಲ.

ಹಳೇ ಚಾಳಿ ಮರಳುವುದು ಅಲ್ಲೇ. ಬದನೆಕಾಯಿಗೆಂದು ಹಚ್ಚಿದ ಗ್ಯಾಸು ಆರುವುದಿಲ್ಲ, ಸಾರು ಪಲ್ಯ ಎಲ್ಲವೂ ಅದರ ಮೇಲೇ ಆಗಿಬಿಡುತ್ತದೆ. ಸಿಗರೇಟು ಬಿಡುವವರಿಗೆ ಲೈಟರು, ಆಶ್‌ಟ್ರೇ ಕಣ್ಣಿಗೆ ಬೀಳದಂತೆ ಎತ್ತಿಡಲು ಹೇಳುತ್ತಾರಲ್ಲ, ಇಲ್ಲಿಯೂ ಅದೇ ಉಪಾಯ. ಇಂಡಕ್ಷನ್ ಒಲೆ ಕಟ್ಟೆಯ ಮೇಲೆ ಕೈಗೆ ಸಿಗುವಂತಿರಲಿ, ಗ್ಯಾಸ್ ಲೈಟರ್ ಡ್ರಾಯರ್ ಸೇರಲಿ, ರೆಗ್ಯುಲೇಟರ್ ಸದಾ ಬಂದ್ ಇರಲಿ. ಅಷ್ಟು ಅಡ್ಡಿ ಇದ್ದರೂ ಸಾಕು, ಕೈ ತಾನಾಗಿ ಅತ್ತ ಹೋಗುವುದಿಲ್ಲ. ಕರೆಂಟು ಹೋದಾಗ ಬೇಕಾಗುವುದರಿಂದ ಒಂದು ಸಿಲಿಂಡರ್ ಇರಲಿ. ಎರಡನೆಯದು ಮನೆಯಲ್ಲಿದ್ದರೆ ಚಟಕ್ಕೆ ನೀವೇ ದಾಸ್ತಾನು ಮಾಡಿಕೊಟ್ಟಂತೆ.

ನಮ್ಮ ಕರೆಂಟಿನಲ್ಲಿ ರಾಯಚೂರು, ಬಳ್ಳಾರಿಯ ಕಲ್ಲಿದ್ದಲೂ ಇದೆ, ಅದನ್ನು ಮುಚ್ಚಿಡಬಾರದು. ಪಾವಗಡದ ಸೌರ ವಿದ್ಯುತ್ತೂ ಅದೇ ತಂತಿಯಲ್ಲಿ ಬರುತ್ತದೆ. ಆ ಪಾಲು ಹೆಚ್ಚಿದಂತೆಲ್ಲ ಇದೇ ಒಲೆ ಇನ್ನಷ್ಟು ಶುದ್ಧವಾಗುತ್ತದೆ, ಗ್ಯಾಸ್ ಒಲೆಗೆ ಆ ದಾರಿಯೇ ಇಲ್ಲ.

ಒಂದು 14.2 ಕೆಜಿ ಸಿಲಿಂಡರಿನ ಅಡುಗೆಗೆ ಅಂದಾಜು 120ರಿಂದ 150 ಯೂನಿಟ್ ಬೇಕು. ಗೃಹಜ್ಯೋತಿ ಪಡೆಯುವವರು ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕಾಗುತ್ತದೆ. ಅಂಥವರು ಮೊದಲು ಅನ್ನ, ಬೇಳೆ, ಕಾಫಿಯನ್ನಷ್ಟೇ ಇದಕ್ಕೆ ಬದಲಿಸಿ, ಮೀಟರ್ ನೋಡಿಕೊಂಡು ಮುಂದುವರಿಯಲಿ.