ಸೆಮಾಗ್ಲುಟೈಡ್ ಪೆನ್: ತೂಕದಾಚೆ ಯಾರಿಗೆ ಉಪಯೋಗ?

ಮೈಸೂರು, ಮಂಡ್ಯದ ಮೆಡಿಕಲ್ ಶಾಪ್‌ಗಳಲ್ಲಿ ಸೆಮಾಗ್ಲುಟೈಡ್ ಪೆನ್ (ಶುಗರ್‌ಗೂ ತೂಕ ಇಳಿಸಲೂ ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಔಷಧ) ಕೇಳುವವರ ಕಣ್ಣೆಲ್ಲ ತೂಕದ ಮೇಲೆ. ಕೊಟ್ಟ ದುಡ್ಡಿಗೆ ಹೆಚ್ಚು ಫಲ ಸಿಗುವುದು ಹೃದಯ, ಕಿಡ್ನಿ ಕೆಟ್ಟವರಿಗೆ.

2023ರ ಸೆಲೆಕ್ಟ್ ಅಧ್ಯಯನ ನೋಡಿ. ಶುಗರ್ ಇಲ್ಲದ, ಆದರೆ ಹೃದ್ರೋಗವೂ ಹೆಚ್ಚು ತೂಕವೂ ಇದ್ದ 17,604 ಮಂದಿ. ವಾರಕ್ಕೆ 2.4 ಮಿ.ಗ್ರಾಂ ಪಡೆದವರಲ್ಲಿ ಹೃದಯಾಘಾತ, ಲಕ್ವ, ಹೃದ್ರೋಗದ ಸಾವು ಒಟ್ಟಾರೆ ಶೇ. 20 ಕಡಿಮೆಯಾದವು. ಶುಗರ್ ಜೊತೆ ಕಿಡ್ನಿ ತೊಂದರೆ ಇದ್ದವರಿಗೆ 1 ಮಿ.ಗ್ರಾಂ ಕೊಟ್ಟ ಫ್ಲೋ ಅಧ್ಯಯನವೂ (2024) ಭರವಸೆ ಕೊಟ್ಟಿತು. 2025ರಲ್ಲಿ ಅಮೆರಿಕ ಫ್ಯಾಟಿ ಲಿವರ್ ಉರಿಯೂತಕ್ಕೂ ಒಪ್ಪಿಗೆ ನೀಡಿತು. ಗೊರಕೆಯಲ್ಲಿ ಉಸಿರು ಕಟ್ಟುವ ಕಾಯಿಲೆಗೆ ಒಪ್ಪಿಗೆ ಇರುವುದು ಇದರ ದಾಯಾದಿ ಟಿರ್ಜೆಪಟೈಡ್‌ಗೆ. ಆಲ್ಜೈಮರ್ಸ್‌ಗೆ ಮಾತ್ರ ಸೆಮಾಗ್ಲುಟೈಡ್ ಕೈಕೊಟ್ಟಿದೆ. ಆ ಆಸೆಗೆ ದುಡ್ಡು ಸುರಿಯಬೇಡಿ.

ತೂಕಕ್ಕೆ ಬಳಸುವಾಗ ವಾರದ ಡೋಸ್ 0.25 ಮಿ.ಗ್ರಾಂನಿಂದ ಶುರು, ನಾಲ್ಕು ವಾರಕ್ಕೊಮ್ಮೆ ಏರಿಸುತ್ತಾ 0.5, 1, 1.7, ಕೊನೆಗೆ 2.4. ಮೊದಲ ತಿಂಗಳಿನದು ಹೊಟ್ಟೆಯನ್ನು ಒಗ್ಗಿಸಲಷ್ಟೇ. "ಏನೂ ಆಗ್ತಿಲ್ಲ" ಎಂದು ಮೆಟ್ಟಿಲು ಹಾರಿದರೆ ವಾಂತಿ ಖಚಿತ ಎಂದೇ ಇಟ್ಟುಕೊಳ್ಳಿ. ಹೊಟ್ಟೆ ನಿಧಾನ ಖಾಲಿಯಾಗುವುದರಿಂದ ರಾತ್ರಿಯ ದೊಡ್ಡ ಮುದ್ದೆ ಹುಳಿತೇಗು ತರಿಸುತ್ತದೆ. ಮುದ್ದೆ ಅರ್ಧ ಮಾಡಿ, ಬಸ್ಸಾರಿನ ಕಾಳು, ಮೊಟ್ಟೆ ಹೆಚ್ಚಿಸಿ. ಇಲ್ಲವಾದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ.

ಪೆನ್ನಿನಲ್ಲಿ ಜನ ಎಡವುವುದು ಸೂಜಿಯಲ್ಲಿ. ಪ್ರತಿ ಸಲವೂ ಹೊಸದು ಹಾಕಿ. ಬಳಸಿದ್ದನ್ನು ಹಾಗೇ ಬಿಟ್ಟರೆ ಔಷಧ ಸೋರಿ ಗಾಳಿ ಸೇರುತ್ತದೆ, ಮುಂದಿನ ಡೋಸ್ ಕಡಿಮೆ ಬೀಳುತ್ತದೆ. ಹೊಸ ಪೆನ್ನಾದರೆ ಮೊದಲು ಒಂದು ಹನಿ ಬರುವುದನ್ನು ನೋಡಿ. ಚುಚ್ಚಿ ಒತ್ತಿದ ಮೇಲೆ ಕಿಟಕಿಯಲ್ಲಿ 0 ಕಂಡರೂ ಆರು ಎಣಿಸುವವರೆಗೆ ಸೂಜಿ ತೆಗೆಯಬೇಡಿ. ತೆರೆಯದ ಪೆನ್ ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿರಲಿ, ಫ್ರೀಜರ್‌ಗೆ ತಾಗದಂತೆ. ಒಮ್ಮೆ ಹೆಪ್ಪುಗಟ್ಟಿದರೆ ಕರಗಿದರೂ ಎಸೆಯಬೇಕು. ಮಂಡ್ಯದ ಏಪ್ರಿಲ್ ಬಿಸಿಲಲ್ಲಿ ಬೈಕಿನ ಡಿಕ್ಕಿಯಲ್ಲಿಟ್ಟರೆ ಔಷಧ ಕೆಟ್ಟಿತೆಂದೇ ಲೆಕ್ಕ. ಐಸ್ ಪ್ಯಾಕ್‌ಗೆ ಬಟ್ಟೆ ಸುತ್ತಿ ತನ್ನಿ.

ಗ್ಲಿಮೆಪಿರೈಡ್ ಎಂಬ ಶುಗರ್ ಮಾತ್ರೆ ಅಥವಾ ಇನ್ಸುಲಿನ್ ಜೊತೆಗಿದ್ದರೆ ಶುಗರ್ ದಿಢೀರನೆ ಇಳಿಯಬಹುದು, ಡಾಕ್ಟರಿಗೆ ಮೊದಲೇ ಹೇಳಿ. ಶುಗರ್ ಇರುವವರು ಶುರು ಮಾಡುವ ಮುನ್ನ ಕಣ್ಣಿನ ಪರದೆ (ರೆಟಿನಾ) ಡಾಕ್ಟರಿಗೆ ತೋರಿಸಿ. ಮನೆತನದಲ್ಲಿ ಮೆಡುಲ್ಲರಿ ಥೈರಾಯ್ಡ್ ಕ್ಯಾನ್ಸರ್ ಇದ್ದರೆ ಇದು ಬೇಡವೇ ಬೇಡ. ಬಸುರಿಯಾಗುವ ಯೋಚನೆ ಇದ್ದರೆ ಎರಡು ತಿಂಗಳು ಮುಂಚೆ ನಿಲ್ಲಿಸಬೇಕು. ಬೆನ್ನಿಗೆ ಹರಡುವ ಹೊಟ್ಟೆನೋವು ಬಂದರೆ ಮುಂದಿನ ಡೋಸ್ ಬಿಟ್ಟು ಆಸ್ಪತ್ರೆಗೆ ಹೋಗಿ.

ಮದುವೆಗೆ ಮುಂಚೆ ಐದು ಕೆ.ಜಿ. ಇಳಿಸಲು? ದುಡ್ಡು ದಂಡ: ನಿಲ್ಲಿಸಿದರೆ ಹೆಚ್ಚಿನವರಲ್ಲಿ ತೂಕ ಮರಳುತ್ತದೆ.