ಹಳದಿ ಮೆಟ್ರೋ: ಉಸಿರಿಗೂ ಒಳ್ಳೆಯದು, ಕಾಲಿಗೂ ಒಳ್ಳೆಯದು

ಬನಶಂಕರಿಯಿಂದ ಎಲೆಕ್ಟ್ರಾನಿಕ್ ಸಿಟಿಗೆ ವರ್ಷಗಟ್ಟಲೆ ಸ್ಕೂಟರ್‌ನಲ್ಲಿ ಓಡಾಡಿದವಳು ನಾನು. ಅಸ್ತಮಾ ಇದೆ. ಹಾಗಾಗಿ ನಮ್ಮ ಮೆಟ್ರೋದ ಹಳದಿ ಮಾರ್ಗವನ್ನು ಟಿಕೆಟ್ ದರಕ್ಕಿಂತ ಮೊದಲು ಉಸಿರಿನಿಂದಲೇ ಅಳೆಯುತ್ತೇನೆ.

ಸಿಲ್ಕ್ ಬೋರ್ಡ್ ಸಿಗ್ನಲ್ ಗೊತ್ತಲ್ವಾ? ಮುಂದೆ ಬಸ್ಸು, ಪಕ್ಕದಲ್ಲಿ ಲಾರಿ, ಮಧ್ಯೆ ನಾವು. ಮುಖಕ್ಕೆ ಸುತ್ತಿದ ದುಪಟ್ಟಾ ಸಂಜೆ ಬಿಚ್ಚಿದರೆ ಮೂಗಿನ ಜಾಗದಲ್ಲಿ ಬೂದು ಕಲೆ. ಸೋಪು ಹಚ್ಚಿ ಉಜ್ಜಿದರೂ ಪೂರ್ತಿ ಹೋಗುತ್ತಿರಲಿಲ್ಲ. ಕಣ್ಣಿಗೆ ಕಾಣುವ ದೂಳನ್ನು ಬಟ್ಟೆ ಒಂದಿಷ್ಟು ತಡೆಯುತ್ತೆ. ಪಿಎಂ 2.5 ಅಂತಾರಲ್ಲ, ಹೊಗೆಯ ಆ ಸಣ್ಣ ಕಣಗಳಿಗೆ ದುಪಟ್ಟಾ ಲೆಕ್ಕಕ್ಕೇ ಇಲ್ಲ. ನೇರ ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ.

2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ರೈಲು ಶುರುವಾಯಿತು. 19 ಕಿಲೋಮೀಟರ್, 16 ನಿಲ್ದಾಣ. ಮೊದಮೊದಲು ಇದ್ದದ್ದು ಮೂರೇ ರೈಲು, 25 ನಿಮಿಷಕ್ಕೊಂದು. ಹೊಸ ರೈಲು ಸೇರಿದ ಹಾಗೆ ಕಾಯೋದು ಕಡಿಮೆಯಾಯಿತು. ಈಗ ಅದೇ ಸಿಲ್ಕ್ ಬೋರ್ಡ್ ಮೇಲೆ, ಎಸಿ ಬೋಗಿಯಲ್ಲಿ ಹೋಗುತ್ತೇನೆ. ಇನ್‌ಹೇಲರ್ ಬ್ಯಾಗಲ್ಲಿ ಇದ್ದೇ ಇರುತ್ತೆ. ಆಫೀಸು ಮುಟ್ಟಿದ ಕೂಡಲೇ ಅದಕ್ಕೆ ಕೈ ಹಾಕೋದು ಮಾತ್ರ ತಪ್ಪಿದೆ. ಬೆನ್ನು ನೋವೂ ಇಳಿದಿದೆ.

ನಾನು ಎಣಿಸದೇ ಇದ್ದ ಲಾಭ ನಡಿಗೆ. ಮನೆಯಿಂದ ಸ್ಟೇಷನ್ನಿಗೆ, ಇಳಿದ ಮೇಲೆ ಆಫೀಸಿಗೆ, ಎರಡೂ ಸೇರಿ ಹೋಗ್ತಾ ಕಾಲು ಗಂಟೆ, ಬರ್ತಾ ಕಾಲು ಗಂಟೆ. ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಿನ ನಡಿಗೆಯಂಥ ವ್ಯಾಯಾಮ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಐದು ದಿನ ಆಫೀಸಿಗೆ ಹೋಗಿ ಬಂದರೆ ಅಷ್ಟು ಆಗಿಯೇ ಹೋಯಿತು! ಜಿಮ್ಮಿಗೆ ದುಡ್ಡು ಕಟ್ಟೋದು ಬೇಡ, ಬೆಳಗ್ಗೆ ಬೇಗ ಏಳೋದೂ ಬೇಡ.

ರೈಲಿಗೆ ಐದಕ್ಕೆ ಐದು ಕೊಡ್ತೀನಿ. ಇಳಿದ ಮೇಲಿನ ಫುಟ್‌ಪಾತಿಗೆ ಎರಡಕ್ಕಿಂತ ಜಾಸ್ತಿ ಕೊಡೋಕೆ ಮನಸ್ಸಿಲ್ಲ. ನಾನು ನಡೆಯೋ ದಾರಿಯಲ್ಲಿ ಒಂದು ಕಡೆ ಚಪ್ಪಡಿ ಕುಸಿದು ಚರಂಡಿ ಕಾಣುತ್ತೆ. ಅಲ್ಲಿ ರಸ್ತೆಗೆ ಇಳಿಯಲೇಬೇಕು, ಇಳಿದರೆ ಹಿಂದಿನಿಂದ ಬೈಕ್ ಹಾರ್ನ್. ಮಂಡಿ ನೋವಿನವರು, ವಯಸ್ಸಾದವರು ಇಷ್ಟಕ್ಕೇ ಹೆದರಿ ಆಟೋ ಹತ್ತುತ್ತಾರೆ. ಅವರಿಗೆ ಆ ನಡಿಗೆ ತಪ್ಪಿಹೋಗುತ್ತೆ ಅನ್ನೋದೇ ನನಗೆ ಬೇಜಾರು. ಸ್ಟೇಷನ್ ಸುತ್ತಲಿನ ಅರ್ಧ ಕಿಲೋಮೀಟರ್ ಫುಟ್‌ಪಾತ್ ಸರಿ ಮಾಡಿ, ಕತ್ತಲಾದ ಮೇಲೂ ಓಡಾಡೋ ಹಾಗೆ ದೀಪ ಹಾಕಿದರೆ ಸಾಕು.

ನನ್ನ ಹಾಗೆ ವೀಝಿಂಗ್ ಇರುವವರು ಬೆಳಗಿನ ರಶ್ಶಿನಲ್ಲಿ ಮಾಸ್ಕ್ ಹಾಕಿಕೊಳ್ಳಿ. ಮುಚ್ಚಿದ ಬೋಗಿ, ನೆಗಡಿ ಕೆಮ್ಮು ಬೇಗ ಹರಡುತ್ತೆ.