28 ಖಾನೆಯ ಮಾತ್ರೆ ಡಬ್ಬಿ: ಮಲೆನಾಡಿನ ಮನೆಯಲ್ಲಿ ಒಂದು ಮಳೆಗಾಲ ಬಳಸಿದ ಮೇಲೆ

ಮೊದಲೇ ಹೇಳಿಬಿಡ್ತೀನಿ, ಡಬ್ಬಿ ಚೆನ್ನಾಗಿದೆ. ಮನೆಯಲ್ಲಿ ಬಿಪಿ, ಶುಗರ್, ಥೈರಾಯ್ಡ್ ಅಂತ ದಿನಾ ಮಾತ್ರೆ ತಗೊಳ್ಳೋ ಹಿರಿಯರಿದ್ದರೆ ಯೋಚನೆ ಮಾಡದೆ ತಗೊಳ್ಳಿ. ಆದರೆ ನಮ್ಮ ಕಡೆಯ ಮಳೆಗೆ ಇದರಲ್ಲಿ ಒಂದೆರಡು ತೊಂದರೆ ಇದೆ, ಅದನ್ನೂ ಹೇಳ್ತೀನಿ.

ಇದು ದೊಡ್ಡ ಕಂಪನಿಯ ಮಾಲೇನಲ್ಲ, ಸಾದಾ ಪ್ಲಾಸ್ಟಿಕ್ ಡಬ್ಬಿ. ಏಳು ದಿನಕ್ಕೆ ಏಳು ಪಟ್ಟಿ. ಒಂದೊಂದು ಪಟ್ಟಿಯಲ್ಲೂ ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ ಅಂತ ನಾಲ್ಕು ಖಾನೆ. ಶಿವಮೊಗ್ಗದಲ್ಲಿ ದುರ್ಗಿಗುಡಿ ಕಡೆಯ ಒಂದು ಮೆಡಿಕಲ್ ಶಾಪಲ್ಲಿ ಸಿಕ್ಕಿತು, 300 ರೂಪಾಯಿ ಒಳಗೆ. ತೀರ್ಥಹಳ್ಳಿ ಹತ್ತಿರ ಊರಲ್ಲಿರೋ ಅಪ್ಪಯ್ಯನಿಗೆ ಅಂತ ತಂದಿದ್ದು.

ಅಪ್ಪಯ್ಯ ಅದನ್ನ ನೋಡಿ ಮುಖ ಸಣ್ಣ ಮಾಡಿಕೊಂಡರು. "ಇದೆಲ್ಲ ಅರಳು ಮರಳಾದವರಿಗೆ, ನನಗೆ ಎಂತಕ್ಕೆ?" ಅಂದರು. ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ. ಯಾವ ವರ್ಷ ಕೊಳೆರೋಗ ಬಂದು ಅಡಿಕೆ ಪೂರ್ತಿ ಉದುರಿತು, ಆ ವರ್ಷ ಮಂಡಿಯಲ್ಲಿ ರೇಟು ಎಷ್ಟಿತ್ತು, ಯಾರ ಮದುವೆಗೆ ಯಾರು ಅಡಿಗೆಗೆ ಬಂದಿದ್ದರು, ಎಲ್ಲ ನಿನ್ನೆ ನಡೆದ ಹಾಗೆ ಹೇಳ್ತಾರೆ. ಆದರೆ "ಬೆಳಿಗ್ಗೆ ಬಿಪಿ ಮಾತ್ರೆ ತಗಂಡ್ರಾ?" ಅಂತ ಕೇಳಿದರೆ ಒಂದು ಕ್ಷಣ ತಡೀತಾರೆ. "ತಗಂಡಿದೀನಿ ಅನ್ಸುತ್ತೆ ಮಾರಾಯ್ತಿ" ಅಂತಾರೆ. ಹಾಗೆ ಅನುಮಾನ ಬಂದ ಒಂದು ದಿನ ಯಾವುದಕ್ಕೂ ಇರಲಿ ಅಂತ ಇನ್ನೊಂದು ನುಂಗಿದ್ದಾರೆ. ಮಧ್ಯಾಹ್ನ ಜಗಲಿಯಿಂದ ಏಳೋಕೆ ಹೋಗಿ ಕಣ್ಣು ಕತ್ತಲೆ ಬಂದು ಗೋಡೆ ಹಿಡಿದು ಕೂತರು. ಆಸ್ಪತ್ರೆಗೆ ಕರಕೊಂಡು ಹೋಗಿ ನೋಡಿದಾಗ ಬಿಪಿ ತೀರಾ ಕೆಳಗಿತ್ತು.

ಐವತ್ತು ವರ್ಷದ ಹಿಂದಿನದು ನೆನಪಿದೆ, ಎರಡು ಗಂಟೆ ಹಿಂದಿನದು ಇಲ್ಲ. ಹೆದರಿಕೆ ಆಗುತ್ತೆ ಅಲ್ವಾ? ನನಗೂ ಆಯಿತು. ಆಮೇಲೆ ಈ ವಿಷಯ ಒಂದಿಷ್ಟು ಓದಿದೆ. ಓದಿದಷ್ಟೂ ಸಮಾಧಾನ ಆಯಿತು, ಡಬ್ಬಿ ಯಾಕೆ ಬೇಕು ಅನ್ನೋದೂ ಅರ್ಥ ಆಯಿತು.

ವಿಷಯ ಏನಂದ್ರೆ, ಒಂದು ಕೆಲಸ ರೂಢಿ ಆದಷ್ಟೂ ಅದನ್ನ ಮಾಡಿದ ನೆನಪು ಉಳಿಯೋದು ಕಮ್ಮಿ. ರೂಢಿಯನ್ನ ನೋಡಿಕೊಳ್ಳೋ ಮಿದುಳಿನ ಭಾಗ ಬೇರೆ, "ಇವತ್ತು ಹೀಗಾಯಿತು" ಅಂತ ಘಟನೆಯನ್ನ ದಾಖಲು ಮಾಡೋ ಭಾಗ ಬೇರೆ. ಇದು ಸ್ಪಷ್ಟವಾಗಿ ಗೊತ್ತಾಗಿದ್ದು ಹೆನ್ರಿ ಮೊಲೈಸನ್ ಅನ್ನೋ ಅಮೆರಿಕದ ಒಬ್ಬ ಮನುಷ್ಯನಿಂದ. ಮೂರ್ಛೆ ರೋಗ ನಿಲ್ಲಲಿ ಅಂತ 1953ರಲ್ಲಿ ಅವರಿಗೆ ಆಪರೇಷನ್ ಮಾಡಿ, ಮಿದುಳಿನ ಎರಡೂ ಕಡೆ ಇರೋ, ಘಟನೆ ದಾಖಲು ಮಾಡೋಕೆ ಬೇಕಾದ ಹಿಪೊಕ್ಯಾಂಪಸ್ ಅನ್ನೋ ಭಾಗದ ದೊಡ್ಡ ಪಾಲನ್ನ ತೆಗೆದುಬಿಟ್ಟರು. ಮೂರ್ಛೆ ಹತೋಟಿಗೆ ಬಂತು. ಆದರೆ ಅಲ್ಲಿಂದ ಮುಂದೆ ಹೊಸ ಘಟನೆ ಯಾವುದೂ ಅವರ ನೆನಪಲ್ಲಿ ನಿಲ್ಲಲಿಲ್ಲ. ಬ್ರೆಂಡಾ ಮಿಲ್ನರ್ ಅನ್ನೋ ವಿಜ್ಞಾನಿ ಅವರ ಕೈಯಲ್ಲಿ, ಕನ್ನಡಿಯಲ್ಲಿ ಮಾತ್ರ ನೋಡಿಕೊಂಡು ನಕ್ಷತ್ರದ ಗೆರೆ ತಿದ್ದಿಸಿದರು. ಮೊಲೈಸನ್ ದಿನದಿಂದ ದಿನಕ್ಕೆ ಚೆನ್ನಾಗಿ ತಿದ್ದಿದರು, ಆದರೆ ಅದನ್ನ ಹಿಂದೆ ಮಾಡಿದ್ದೇ ಅವರಿಗೆ ನೆನಪಿರಲಿಲ್ಲ. ಕೈ ಕಲಿತಿತ್ತು, ಕಲಿತ ನೆನಪು ಇರಲಿಲ್ಲ. 2008ರಲ್ಲಿ ತೀರಿಕೊಂಡರು. ನೆನಪಿನ ಬಗ್ಗೆ ಇವತ್ತು ಗೊತ್ತಿರೋದರಲ್ಲಿ ಎಷ್ಟೋ ಪಾಲು ಅವರ ಋಣ.

ಅಪ್ಪಯ್ಯನ ಹಿಪೊಕ್ಯಾಂಪಸ್ ಇದ್ದಲ್ಲೇ ಇದೆ. ಆದರೆ ಮಾತ್ರೆ ನುಂಗೋದು ಅವರಿಗೆ ವರ್ಷಗಳ ರೂಢಿ. ಕೈ ತಾನಾಗಿ ಶೀಟು ಒಡೆಯುತ್ತೆ, ನೀರು ಕುಡಿಯುತ್ತೆ. ತಲೆ ಆಗ ತೋಟಕ್ಕೆ ಔಷಧಿ ಹೊಡೆಯೋರು ಬಂದರೋ ಇಲ್ಲವೋ ಅನ್ನೋದರಲ್ಲಿ ಇರುತ್ತೆ. ಗಮನ ಕೊಡದಿದ್ದದ್ದು ದಾಖಲಾಗೋದಿಲ್ಲ, ದಾಖಲಾಗದ್ದು ಆಮೇಲೆ ಹುಡುಕಿದರೆ ಎಲ್ಲಿಂದ ಸಿಗಬೇಕು? ಅರ್ಧಂಬರ್ಧ ದಾಖಲಾದರೂ ಇವತ್ತಿನದು, ನಿನ್ನೆಯದು, ಮೊನ್ನೆಯದು ಎಲ್ಲ ಒಂದೇ ಥರ ಇರೋದರಿಂದ, ತೋಟದ ಕೆಸರು ದಾರಿಯಲ್ಲಿ ದಿನಾ ಬಿದ್ದ ಹೆಜ್ಜೆ ಗುರುತಿನ ಹಾಗೆ ಒಂದರ ಮೇಲೊಂದು ಕೂತುಬಿಡುತ್ತೆ. ಯಾವುದು ಇವತ್ತಿನದು ಅಂತ ಬಿಡಿಸೋಕೆ ಆಗೋದಿಲ್ಲ. ಕೊಳೆರೋಗ ಬಂದ ವರ್ಷ ಹಾಗಲ್ಲ. ಅದು ಒಂದೇ ಸಲ ಆದದ್ದು, ಹೊಟ್ಟೆ ಉರಿಸಿದ್ದು, ಆಮೇಲೆ ಎಷ್ಟೋ ಸಲ ಹೇಳಿಕೊಂಡದ್ದು.

ಇದು ಬರೀ ವಯಸ್ಸಾದವರ ತೊಂದರೆ ಅಲ್ಲ. 50 ರೂಪಾಯಿಯ ಹೊಸ ನೋಟಿನ ಹಿಂಭಾಗದಲ್ಲಿ ಏನು ಚಿತ್ರ ಇದೆ ಅಂತ ಮನೆಯ ಹುಡುಗರನ್ನೇ ಕೇಳಿ ನೋಡಿ. ನಮ್ಮದೇ ಹಂಪಿಯ ಕಲ್ಲಿನ ರಥ. ದಿನಾ ಕೈಯಲ್ಲಿ ಹಿಡಿದರೂ ಎಷ್ಟೋ ಜನಕ್ಕೆ ತಟ್ಟಂತ ಹೊಳೆಯೋದಿಲ್ಲ. 1979ರಲ್ಲಿ ಅಮೆರಿಕದಲ್ಲಿ ನಿಕರ್ಸನ್ ಮತ್ತು ಆಡಮ್ಸ್ ಅನ್ನೋರು ಅಲ್ಲಿನ ಒಂದು ಸೆಂಟ್ ನಾಣ್ಯ ಇಟ್ಟುಕೊಂಡು ಇದನ್ನೇ ಪರೀಕ್ಷೆ ಮಾಡಿದರು. ಜೀವನಪೂರ್ತಿ ಬಳಸಿದ ನಾಣ್ಯದ ಚಿತ್ರವನ್ನ ಜನ ಸರಿಯಾಗಿ ಬರೆಯೋಕೆ ಆಗಲಿಲ್ಲ, ಹತ್ತಾರು ತಪ್ಪು ಚಿತ್ರಗಳ ನಡುವೆ ಸರಿಯಾದದ್ದನ್ನ ಆರಿಸೋಕೂ ತಡಕಾಡಿದರು.

ಇನ್ನೊಂದು ಸೂಕ್ಷ್ಮ ಇದೆ. "ಮಾತ್ರೆ ತಗೋಬೇಕು" ಅಂತ ಯೋಚಿಸಿದ್ದು ಮತ್ತು ನಿಜವಾಗಿ ತಗೊಂಡದ್ದು, ಇವೆರಡೂ ಆಮೇಲೆ ಮನಸ್ಸಲ್ಲಿ ಒಂದೇ ಥರ ಕಾಣಬಹುದು. ಮಾರ್ಸಿಯಾ ಜಾನ್ಸನ್ ಮತ್ತು ಕರೋಲ್ ರೇ 1981ರಲ್ಲೇ ಈ ಬಗ್ಗೆ ಬರೆದಿದ್ದಾರೆ. ನೆನಪಿನ ಮೇಲೆ ಇದು ಮಾಡಿದ್ದು, ಇದು ಅಂದುಕೊಂಡದ್ದು ಅಂತ ಚೀಟಿ ಅಂಟಿಸಿರೋದಿಲ್ಲ. ಅದರಲ್ಲಿ ಬಣ್ಣ, ಶಬ್ದ, ಜಾಗ ಎಷ್ಟು ಸ್ಪಷ್ಟ ಇದೆ ಅಂತ ನೋಡಿ ಮಿದುಳು ಊಹೆ ಮಾಡುತ್ತೆ. ಗ್ಯಾಸ್ ಆಫ್ ಮಾಡಿದೆನಾ, ಬಾಗಿಲಿಗೆ ಬೀಗ ಹಾಕಿದೆನಾ ಅಂತ ಬಸ್ ಹತ್ತಿದ ಮೇಲೆ ಶುರುವಾಗೋ ತಳಮಳವೂ ಇದೇ.

ಈಗ ಡಬ್ಬಿ ವಿಷಯಕ್ಕೆ ಬರ್ತೀನಿ. ಅದು ನೆನಪಿಸೋದಕ್ಕಿಂತ ಜಾಸ್ತಿ, ಆದದ್ದಕ್ಕೆ ಸಾಕ್ಷಿ ಇಡುತ್ತೆ. ಮಂಗಳವಾರ ಬೆಳಗಿನ ಖಾನೆ ಖಾಲಿ ಇದೆಯಾ, ತಗೊಂಡಾಯಿತು. ತುಂಬಿದೆಯಾ, ಇನ್ನೂ ಇಲ್ಲ. ತಲೆಯೊಳಗೆ ಹುಡುಕೋ ಕೆಲಸವೇ ಇಲ್ಲ. ಅದಕ್ಕೇ ಮುಚ್ಚಳ ಪಾರದರ್ಶಕ ಇರೋದನ್ನೇ ತಗೊಳ್ಳಿ. ಒಳಗೆ ಕಾಣದ ಬಣ್ಣದ ಮುಚ್ಚಳದ್ದೂ ಅಂಗಡಿಯಲ್ಲಿತ್ತು, ನೋಡೋಕೆ ಚೆಂದ, ಕೆಲಸಕ್ಕೆ ಬಾರದು.

ಎಲ್ಲಿ ಇಡಬೇಕು ಅನ್ನೋದು ಡಬ್ಬಿಯಷ್ಟೇ ಮುಖ್ಯ. "ಫೋನಲ್ಲಿ ಅಲಾರಂ ಇಟ್ಟರೆ ಸಾಕಲ್ವಾ" ಅಂತ ನನ್ನ ತಮ್ಮ ಕೇಳಿದ. ಅಲಾರಂ ಹೊಡೆಯೋ ಹೊತ್ತಿಗೆ ಅಪ್ಪಯ್ಯ ಅಂಗಳದಲ್ಲೋ ಕೊಟ್ಟಿಗೆಯಲ್ಲೋ ಇರ್ತಾರೆ. ಅದನ್ನ ಆಫ್ ಮಾಡಿ ಒಳಗೆ ಬರೋಷ್ಟರಲ್ಲಿ ಯಾರೋ ಮಾತಾಡಿಸಿರ್ತಾರೆ, ಅಲ್ಲಿಗೆ ಮುಗಿಯಿತು. ಗಡಿಯಾರ ನೋಡಿ ಮಾಡೋ ಕೆಲಸಕ್ಕಿಂತ, ಕಣ್ಣೆದುರು ಒಂದು ಗುರುತು ಕಂಡಾಗ ಮಾಡೋ ಕೆಲಸ ವಯಸ್ಸಾದವರಿಗೆ ಸುಲಭ. ಗಿಲ್ಸ್ ಐನ್‌ಸ್ಟೈನ್ (ಭೌತಶಾಸ್ತ್ರದವರಲ್ಲ, ಮನಃಶಾಸ್ತ್ರದವರು) ಮತ್ತು ಮಾರ್ಕ್ ಮ್ಯಾಕ್‌ಡೇನಿಯಲ್ 1990ರಲ್ಲಿ ಮಾಡಿದ ಪ್ರಯೋಗದಲ್ಲಿ, ಗುರುತು ನೋಡಿ ಮಾಡೋ ಕೆಲಸವನ್ನ ಹಿರಿಯರೂ ಹುಡುಗರಷ್ಟೇ ಚೆನ್ನಾಗಿ ಮಾಡಿದರು. ಹಾಗಾಗಿ ಡಬ್ಬಿಯನ್ನ ಅಪ್ಪಯ್ಯ ತಿಂಡಿಗೆ ಕೂರೋ ಜಾಗದಲ್ಲೇ, ಎಲೆ ಅಡಿಕೆ ತಟ್ಟೆ ಪಕ್ಕ ಇಟ್ಟಿದ್ದೇವೆ. ತಿಂಡಿ ಆಯಿತು, ಕೈ ಕವಳಕ್ಕೆ ಹೋಗುತ್ತೆ, ಡಬ್ಬಿ ಎದುರಿಗಿರುತ್ತೆ. ಇದು ಕೆಲಸ ಮಾಡ್ತು.

ಅಮ್ಮನದು ಥೈರಾಯ್ಡ್ ಮಾತ್ರೆ, ಖಾಲಿ ಹೊಟ್ಟೆಗೆ ಬರೀ ನೀರಲ್ಲಿ ತಗೋಬೇಕು, ಕಾಫಿ ಕುಡಿಯೋದು ಅರ್ಧ ಮುಕ್ಕಾಲು ಗಂಟೆ ಆದಮೇಲೆ. ಅವರಿಗೆ ಬೇರೆ ಬಣ್ಣದ, ದಿನಕ್ಕೆ ಒಂದೇ ಖಾನೆಯ ಸಣ್ಣ ಡಬ್ಬಿ ತಂದು ಹಲ್ಲುಜ್ಜೋ ಬ್ರಷ್ ಇಡೋ ಕಡೆ ಇಟ್ಟೆವು. ಇಬ್ಬರದನ್ನೂ ಒಂದೇ ಡಬ್ಬಿಗೆ ತುಂಬೋಕೆ ಹೋಗಲೇಬೇಡಿ.

ಇನ್ನು ದೂರು. ವಾರದ ಹೆಸರು ಪೂರ್ತಿ ಇಂಗ್ಲಿಷ್‌ನಲ್ಲಿದೆ, ಅದೂ ಒಂದೊಂದೇ ಅಕ್ಷರ. ಭಾನುವಾರಕ್ಕೂ ಶನಿವಾರಕ್ಕೂ ಒಂದೇ ಅಕ್ಷರ, ಮಂಗಳವಾರಕ್ಕೂ ಗುರುವಾರಕ್ಕೂ ಒಂದೇ. ಓದೋಕೆ ಬರೋರಿಗೂ ಗೊಂದಲ. ನಮ್ಮೂರುಗಳಲ್ಲೇ ಇಷ್ಟು ಮಾರಾಟ ಆಗೋ ವಸ್ತುವಿಗೆ ಕನ್ನಡದಲ್ಲಿ ಏಳು ಹೆಸರು ಅಚ್ಚು ಹಾಕೋಕೆ ಏನು ಕಷ್ಟ? ನಾವು ಭಾ, ಸೋ, ಮಂ, ಬು, ಗು, ಶು, ಶ ಅಂತ ದಪ್ಪಕ್ಕೆ ಬರೆದು ಮೇಲೆ ಟೇಪ್ ಅಂಟಿಸಿದ್ದೇವೆ. ಟೇಪ್ ಹಾಕದೆ ಬರೆದರೆ ಶಾಯಿ ಒಂದೇ ವಾರದಲ್ಲಿ ಅಳಿಸಿಹೋಗುತ್ತೆ.

ಮುಚ್ಚಳ ಗಟ್ಟಿ. ಬೆರಳು ಗಂಟು ನೋವಿರೋರಿಗೆ ಕಷ್ಟ. ಅಂಗಡಿಯಲ್ಲೇ ಅವರ ಕೈಯಲ್ಲಿ ತೆಗೆಸಿ ನೋಡಿ. ತೀರಾ ಸಡಿಲ ಇದ್ದರೂ ಬೇಡ, ಬಸ್ಸಲ್ಲಿ ಬ್ಯಾಗೊಳಗೆ ಎಲ್ಲ ಚೆಲ್ಲಿ ಬೆರೆತುಹೋದರೆ ಯಾವುದು ಯಾವುದು ಅಂತ ಗೊತ್ತಾಗೋದಿಲ್ಲ.

ದೊಡ್ಡ ತೊಂದರೆ ಥಂಡಿ. ಆಷಾಢದಲ್ಲಿ ನಮ್ಮಲ್ಲಿ ಉಪ್ಪಿನ ಭರಣಿಯೇ ನೀರಾಗುತ್ತೆ, ಬೆಂಕಿಪೊಟ್ಟಣ ಒಲೆ ಹತ್ತಿರ ಇಡಬೇಕಾಗುತ್ತೆ. ಈ ಡಬ್ಬಿ ಗಾಳಿ ತಡೆಯೋದಿಲ್ಲ. ಜುಲೈನಲ್ಲಿ ಒಂದು ಮಾತ್ರೆ ಮೆತ್ತಗಾಗಿ, ತೆಗೆಯೋವಾಗ ಬೆರಳಲ್ಲೇ ಪುಡಿ ಆಯಿತು, ಖಾನೆಯ ತಳದಲ್ಲಿ ಬಿಳಿ ಹಿಟ್ಟು ಅಂಟಿಕೊಂಡಿತ್ತು. ಕೆಲವು ಮಾತ್ರೆಗಳನ್ನಂತೂ ಶೀಟಿನಿಂದ, ಬಾಟಲಿಯಿಂದ ಮೊದಲೇ ತೆಗೆದಿಡಲೇಬಾರದು. ಮೂರ್ಛೆಗೆ ಕೊಡೋ ಸೋಡಿಯಂ ವಾಲ್ಪ್ರೊಯೇಟ್ ಥಂಡಿ ಎಳೆದುಕೊಳ್ಳುತ್ತೆ. ಎದೆನೋವಿಗೆ ನಾಲಿಗೆ ಕೆಳಗೆ ಇಡೋ ನೈಟ್ರೋಗ್ಲಿಸರಿನ್ ಅದರ ಬಾಟಲಿಯಲ್ಲೇ ಇರಬೇಕು. ರಕ್ತ ಹೆಪ್ಪುಗಟ್ಟದ ಹಾಗೆ ಕೊಡೋ ಡಾಬಿಗಟ್ರಾನ್ ಕ್ಯಾಪ್ಸೂಲೂ ಅಷ್ಟೇ. ತುಂಬೋಕೆ ಮುಂಚೆ ಫಾರ್ಮಸಿಸ್ಟ್ ಹತ್ತಿರ ಒಂದೊಂದನ್ನೂ ತೋರಿಸಿ ಕೇಳಿ. ಶೀಟನ್ನೇ ಕತ್ತರಿಸಿ ಫಾಯಿಲ್ ಸಮೇತ ಹಾಕೋಣ ಅಂತ ಯಾರಾದರೂ ಹೇಳಿದರೆ ಬೇಡ ಅನ್ನಿ. ಕಣ್ಣು ಮಂದ ಇರೋರು ಫಾಯಿಲ್ ಸಮೇತ ನುಂಗಿದ್ದುಂಟು, ಅದರ ಚೂಪು ಅಂಚು ಗಂಟಲು ಕೊರೆಯುತ್ತೆ.

ವಾರಕ್ಕೆ ಒಮ್ಮೆ ಮಾತ್ರ ತಗೊಳ್ಳೋ ಔಷಧಿಗೆ ಈ ಡಬ್ಬಿ ದೊಡ್ಡ ಉಪಕಾರ. ಗಂಟು ನೋವಿಗೆ ಕೊಡೋ ಮೆಥೊಟ್ರೆಕ್ಸೇಟ್ ಅಂಥದ್ದು, ಮರೆತು ದಿನಾ ತಗೊಂಡರೆ ಪ್ರಾಣಕ್ಕೇ ಅಪಾಯ. ಒಂದೇ ಖಾನೆಯಲ್ಲಿ ಇದ್ದರೆ ಒಂದೇ ದಿನ ಹೋಗುತ್ತೆ. ಆದರೆ ತುಂಬೋವಾಗ ತಪ್ಪಿದರೆ ವಾರಪೂರ್ತಿ ತಪ್ಪು. ಭಾನುವಾರ ಅಮ್ಮ ಡಾಕ್ಟರ ಚೀಟಿ ಓದ್ತಾರೆ, ಅಪ್ಪಯ್ಯ ತುಂಬ್ತಾರೆ. ಟೀವಿ ಆಫ್.

ಫೋನಲ್ಲಿ ವಿಚಾರಿಸೋರಿಗೆ ಒಂದು ಮಾತು. "ಮಾತ್ರೆ ತಗಂಡ್ರಿ ಅಲ್ವಾ?" ಅಂತ ಕೇಳಬೇಡಿ. ಪ್ರಶ್ನೆಯ ಧಾಟಿಗೆ ನೆನಪೇ ಬಾಗುತ್ತೆ. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್, ಕಾರು ಡಿಕ್ಕಿಯ ಫಿಲ್ಮ್ ತೋರಿಸಿ ಎಷ್ಟು ವೇಗದಲ್ಲಿತ್ತು ಅಂತ ಕೇಳಿದರು. "ತಾಗಿದಾಗ" ಅನ್ನೋ ಬದಲು "ಅಪ್ಪಳಿಸಿದಾಗ" ಅಂತ ಕೇಳಿದರೆ ಜನ ಹೆಚ್ಚಿನ ವೇಗ ಹೇಳಿದರು. ವಾರ ಬಿಟ್ಟು ಕೇಳಿದಾಗ, ಫಿಲ್ಮಲ್ಲಿ ಇಲ್ಲದ ಒಡೆದ ಗಾಜನ್ನೂ ನೋಡಿದ್ದೆವು ಅಂದವರು ಆ ಗುಂಪಲ್ಲೇ ಜಾಸ್ತಿ. ನಾನೀಗ "ಬೆಳಗಿನ ಖಾನೆಯಲ್ಲಿ ಎಂತ ಇದೆ ನೋಡಿ ಹೇಳಿ" ಅಂತೀನಿ. ಅವರು ಎದ್ದು ಹೋಗಿ ನೋಡಿ ಹೇಳ್ತಾರೆ.

ಡಬ್ಬಿ ಇದ್ದೂ ದಿನ ಯಾವುದು ಅಂತಲೇ ಪದೇ ಪದೇ ತಪ್ಪುತ್ತಿದ್ದರೆ, ಗೊತ್ತಿರೋ ದಾರಿ ಮರೆತರೆ, ಲೆಕ್ಕ ಮಾಡೋಕೆ ಆಗದಿದ್ದರೆ ಅದು ಬೇರೆ ವಿಷಯ, ಡಾಕ್ಟರಿಗೆ ತೋರಿಸಿ. ಎಲ್ಲ ಮರೆವೂ ಆಲ್‌ಜೈಮರ್ ಆಗಿರೋದಿಲ್ಲ. ಬಿ12 ಕೊರತೆ, ಥೈರಾಯ್ಡ್ ಕಮ್ಮಿ ಆಗಿರೋದು, ಮನಸ್ಸಿನ ಕುಗ್ಗು, ನಿದ್ದೆ ಕೆಟ್ಟಿರೋದು, ನೆಗಡಿಗೆ ತಗೊಳ್ಳೋ ಕೆಲವು ಮಾತ್ರೆಗಳು ಕೂಡ ತಲೆ ಮಂಕು ಮಾಡುತ್ತವೆ, ಇವಕ್ಕೆಲ್ಲ ಮದ್ದಿದೆ. ಶುಗರ್‌ಗೆ ಮೆಟ್‌ಫಾರ್ಮಿನ್ ತಗೊಳ್ಳೋರಲ್ಲಿ, ಮಾಂಸ ತಿನ್ನದವರಲ್ಲಿ ಬಿ12 ಕಮ್ಮಿ ಆಗೋದು ಸಾಮಾನ್ಯ, ರಕ್ತ ಪರೀಕ್ಷೆಯಲ್ಲಿ ತಿಳಿಯುತ್ತೆ. ಒಂದೆಲಗದ ತಂಬುಳಿ ತಿಂದರೆ ಎಲ್ಲ ಸರಿಹೋಗುತ್ತೆ ಅಂತ ಅಮ್ಮ ಈಗಲೂ ಹೇಳ್ತಾರೆ. ತಂಬುಳಿ ನನಗೂ ಪ್ರಾಣ. ದಿನಾ ಮಾಡಲಿ, ತಿನ್ನೋಣ, ಪರೀಕ್ಷೆ ಮಾಡಿಸೋದನ್ನ ಮಾತ್ರ ಮುಂದಕ್ಕೆ ಹಾಕೋದು ಬೇಡ.

ಐದಕ್ಕೆ ನಾಲ್ಕು ಕೊಡ್ತೀನಿ. ಕನ್ನಡ ಅಕ್ಷರ ಮತ್ತು ಥಂಡಿ ತಡೆಯೋ ರಬ್ಬರ್ ಅಂಚು ಇದ್ದಿದ್ದರೆ ಐದೂ ಕೊಡ್ತಿದ್ದೆ. ಕೊಳ್ಳೋಕೆ ಹೋಗೋವಾಗ ಮನೆಯ ಮಾತ್ರೆಗಳಲ್ಲಿ ಎಲ್ಲಕ್ಕಿಂತ ದಪ್ಪದ್ದು ಯಾವುದೋ ಅದರ ಶೀಟು ಒಯ್ದು ಖಾನೆಗೆ ಹಿಡಿದು ನೋಡಿ. ಕ್ಯಾಲ್ಸಿಯಂ ಮಾತ್ರೆ ಉದ್ದ ಇರುತ್ತೆ, ಸಣ್ಣ ಡಬ್ಬಿಯಲ್ಲಿ ಅದೊಂದನ್ನ ಹಾಕಿದರೆ ಮುಚ್ಚಳ ಕೂರೋದಿಲ್ಲ.